ಸೊರೊರಿಟಿ ಮನೆಗೆ ಕಾಲಿಟ್ಟ ದಿನವೇ "ನಾನು ಇಲ್ಲಿಯವಳು" ಅನ್ನಿಸಿತು. ಅಮ್ಮ ನಂಬುತ್ತಿಲ್ಲ. ನಿಮಗೂ ಹೀಗೆ ಆಗಿದೆಯಾ?

ಮಲ್ಲಿಗೆಹಂಬು

ಎಲ್ಲರಿಗೂ ನಮಸ್ಕಾರ. ನಾನು ಮಿಶಿಗನ್‌ನಲ್ಲಿ ಮೂರನೇ ವರ್ಷದ ಡಿಗ್ರಿ ಓದುತ್ತಿದ್ದೇನೆ. ನಾಲ್ಕು ವರ್ಷದವಳಿದ್ದಾಗ ಅಪ್ಪ ಅಮ್ಮನ ಜೊತೆ ಇಲ್ಲಿಗೆ ಬಂದೆ. ಕನ್ನಡ ಅಕ್ಷರ ಕಲಿತದ್ದು ಕನ್ನಡ ಕೂಟದ ಭಾನುವಾರದ ತರಗತಿಯಲ್ಲಿ. ತಿದ್ದಿಸಿಕೊಂಡದ್ದು ಮೈಸೂರಿನಲ್ಲಿ, ಅಜ್ಜನ ಹತ್ತಿರ. ತಪ್ಪಿದ್ದರೆ ಹೇಳಿ.

ಎರಡು ವರ್ಷದ ಹಿಂದೆ ಡೆಲ್ಟಾ ಗಾಮಾ ಅನ್ನುವ ಸೊರೊರಿಟಿ, ಅಂದರೆ ಕಾಲೇಜು ಹುಡುಗಿಯರ ಸಂಘ, ಸೇರಿದೆ. ಅದರ ಬಗ್ಗೆ ಮನೆಯಲ್ಲಿ ಇನ್ನೂ ಜಗಳ ನಿಂತಿಲ್ಲ.

ಅಜ್ಜನಿಗೆ ಗ್ಲುಕೋಮಾದಿಂದ ಕಣ್ಣು ಹೋಗಿತ್ತು. ಪ್ರತಿ ಬೇಸಿಗೆ ರಜೆಗೆ ನಾವು ಮೈಸೂರಿಗೆ ಹೋದಾಗ ಬೆಳಗ್ಗೆ ಏಳಕ್ಕೆ ಜಗಲಿಯಲ್ಲಿ ಕೂತು ಅವರಿಗೆ ಪ್ರಜಾವಾಣಿ ಓದುವುದು ನನ್ನ ಕೆಲಸ. ಮೊದಲು ಓದಬೇಕಾದದ್ದು ಕನ್ನಂಬಾಡಿ ಕಟ್ಟೆಯ ನೀರಿನ ಮಟ್ಟ. ಎಷ್ಟು ಅಡಿ, ಒಳಹರಿವು ಎಷ್ಟು, ಹೊರಹರಿವು ಎಷ್ಟು. ಅದಾಗುವವರೆಗೆ ಮುಖಪುಟದ ಹೆಡ್ಡಿಂಗ್ ಕೂಡ ಬೇಡ. ಪೇಪರಿನ ಕೆಳಗಿನ ಮೂಲೆಯನ್ನು ಎರಡು ಬೆರಳಲ್ಲಿ ಹಿಡಿದುಕೊಂಡೇ ಕೂರುತ್ತಿದ್ದರು. ನಾನು ಎರಡು ಹಾಳೆ ಒಟ್ಟಿಗೆ ಮಗುಚಿದರೆ "ಒಂದು ಹಾರಿಸ್ದೆ ನೀನು" ಅನ್ನುತ್ತಿದ್ದರು. ನಾನು ಹೈಸ್ಕೂಲ್ ಮುಗಿಸಿದ ವರ್ಷ ತೀರಿಕೊಂಡರು.

ಅದೇ ಆಗಸ್ಟ್‌ನಲ್ಲಿ ಕಾಲೇಜಿಗೆ ಬಂದೆ. ರಷ್ ಶುರುವಾಯಿತು. ಗೊತ್ತಿಲ್ಲದವರಿಗೆ ಹೇಳುತ್ತೇನೆ, ರಷ್ ಅಂದರೆ ಹೊಸ ಹುಡುಗಿಯರು ಒಂದೊಂದೇ ಸೊರೊರಿಟಿ ಮನೆಗೆ ಹೋಗಿ ಮಾತಾಡಿ ಬರುವ ದಿನಗಳು. ಅಷ್ಟು ಮನೆ ಸುತ್ತಿ ಹಿಮ್ಮಡಿ ಸುಲಿದಿತ್ತು. ಎಲ್ಲರ ಮುಖವೂ ಕಲಸಿಹೋಗಿತ್ತು. ಒಂದು ಮನೆಯಲ್ಲಿ ಒಬ್ಬ ಸೀನಿಯರ್ ನನ್ನ ಪಕ್ಕ ಕೂತಳು. ಎಲ್ಲಿಯವಳು, ಏನು ಓದುತ್ತೀಯ ಅಂತ ಕೇಳಲಿಲ್ಲ. ತಾನು ಪ್ರತಿ ಶನಿವಾರ ಕಣ್ಣು ಕಾಣದ ಒಬ್ಬ ಅಜ್ಜಿಗೆ ಪೇಪರ್ ಓದಲು ಹೋಗುವುದನ್ನು ಹೇಳಿದಳು. "ಅವರಿಗೆ ಮೊದಲು ಟೈಗರ್ಸ್ ಸ್ಕೋರ್ ಓದಬೇಕು. ಅದಾಗೋ ತನಕ ಬೇರೆ ಏನೂ ಕೇಳೋದಿಲ್ಲ" ಅಂದಳು. ಟೈಗರ್ಸ್ ಅಂದರೆ ಇಲ್ಲಿಯ ಬೇಸ್‌ಬಾಲ್ ತಂಡ.

ಕೈಯಲ್ಲಿದ್ದ ಲೋಟ ಕೆಳಗಿಟ್ಟೆ. ಮಾತು ಹೊರಡಲಿಲ್ಲ. ನಾನು ಇಲ್ಲಿಗೆ ಸೇರಲು ಬಂದವಳಲ್ಲ, ಮೊದಲಿಂದಲೂ ಇಲ್ಲಿಯವಳೇ ಅನ್ನಿಸಿತು. ಕಣ್ಣು ಕಾಣದವರ ಸೇವೆ ಡೆಲ್ಟಾ ಗಾಮಾದ ಮುಖ್ಯ ಕೆಲಸ, 1936ರಿಂದ ನಡೆದು ಬಂದಿದೆ ಅಂತ ಆಮೇಲೆ ತಿಳಿಯಿತು.

ಅಮ್ಮ ಹೇಳುವುದು ಇಷ್ಟು: "ಹಾಗೆ ಮಾತಾಡಬೇಕು ಅಂತ ಅವರಿಗೆ ಮೊದಲೇ ಕಲಿಸಿರ್ತಾರೆ ಕಣೇ. ನಿನಗೆ ಅನ್ನಿಸಿದ್ದು ಎಲ್ಲ ಹುಡುಗಿಯರಿಗೂ ಅನ್ನಿಸಿರುತ್ತೆ."

ನಿಮ್ಮಲ್ಲಿ ಯಾರಾದರೂ ಸೊರೊರಿಟಿ, ಅಥವಾ ಹುಡುಗರ ಅಂಥದೇ ಸಂಘವಾದ ಫ್ರಟರ್ನಿಟಿ ಸೇರಿದ್ದೀರಾ? ಒಂದು ಗುಂಪಿನ ಮೌಲ್ಯಗಳು ಮೊದಲಿಂದಲೂ ನನ್ನವೇ ಅನ್ನಿಸುವುದು ನಿಜವಾ, ಅಥವಾ ಅಮ್ಮ ಹೇಳಿದ್ದೇ ಸರಿಯಾ?

ಕಾಫಿಪುಡಿ

ಉತ್ತರ ಆಮೇಲೆ ಮಗೂ. ಮೊದಲು ನಿನ್ನ ಕನ್ನಡಕ್ಕೆ ಒಂದು ಶಹಭಾಸ್. ನಿನ್ನ ಅಜ್ಜ ಪೇಪರಿನ ಮೂಲೆ ಹಿಡಿದು ಕೂತದ್ದು ನನ್ನ ಕಣ್ಣಿಗೆ ಕಟ್ಟಿದ ಹಾಗಾಯಿತು.

ಫ್ರಿಸ್ಕೋಅಮ್ಮ

ನಾನು ನಿನ್ನ ಅಮ್ಮನ ಕಡೆ. ನನ್ನ ಮಗಳು ಮುಂದಿನ ವರ್ಷ ಕಾಲೇಜಿಗೆ ಹೋಗುತ್ತಾಳೆ. 2021ರಲ್ಲಿ ಅಲಬಾಮಾದ ರಷ್ ವಿಡಿಯೋಗಳು ಟಿಕ್‌ಟಾಕ್ ತುಂಬ ಓಡಿದವಲ್ಲ, ಅವತ್ತಿಂದ ಅವಳಿಗೆ ಅದೇ ಧ್ಯಾನ. ಯಾವ ದಿನ ಯಾವ ಬಟ್ಟೆ ಅಂತ ಈಗಲೇ ಪಟ್ಟಿ ಮಾಡಿಟ್ಟಿದ್ದಾಳೆ. ಬಾಗಿಲಲ್ಲಿ ಐವತ್ತು ಹುಡುಗಿಯರು ಚಪ್ಪಾಳೆ ತಟ್ಟಿ ಹಾಡಿ ಕರೆದರೆ ಯಾರಿಗೆ ತಾನೇ "ನನ್ನ ಮನೆ" ಅನ್ನಿಸುವುದಿಲ್ಲ? ಹದಿನೆಂಟು ವರ್ಷ, ಮನೆ ಬಿಟ್ಟು ಒಂದು ವಾರ ಆಗಿರುತ್ತದೆ. ಆ ವಾರ ಯಾರು ಪ್ರೀತಿಯಿಂದ ಮಾತಾಡಿಸಿದರೂ ಅವರೇ ನಮ್ಮವರು ಅನ್ನಿಸುತ್ತದೆ. ಅದನ್ನು ಹುಟ್ಟಿನಿಂದ ಬಂದದ್ದು ಅಂತ ಹೇಳಬೇಡ ಕಂದ.

ಹೊಸಪೇಟೆಹುಡುಗ

ಸೊರೊರಿಟಿ ಅಂದ್ರೆ ಲೇಡೀಸ್ ಹಾಸ್ಟೆಲ್ ತಾನೇ? ಇಷ್ಟೊಂದು ಯಾಕೆ ತಲೆ ಕೆಡಿಸಿಕೊಳ್ಳೋದು?

ಸಂಪಿಗೆಮರ

ಅಲ್ಲ ತಮ್ಮಾ. ಹಾಸ್ಟೆಲ್‌ಗೆ ಫೀಸ್ ಕಟ್ಟಿದರೆ ಸೀಟು. ಇಲ್ಲಿ ಅವರು ನಿನ್ನನ್ನು ಆರಿಸಬೇಕು, ನೀನು ಅವರನ್ನು ಆರಿಸಬೇಕು. ಒಮ್ಮೆ ಸೇರಿದರೆ ಬದುಕಿರುವವರೆಗೂ ಸದಸ್ಯೆ. ನಾನು ಸೇರಿ ಹದಿನಾರು ವರ್ಷ ಆಯಿತು. ಈಗಲೂ ಹಳೆಯ ಸದಸ್ಯೆಯರ ಸಭೆಗೆ ಹೋಗುತ್ತೇನೆ.

ಶುರುವಾದದ್ದು ಗಂಡಸರ ಸಂಘಗಳಿಂದ. 1776ರಲ್ಲಿ ವರ್ಜೀನಿಯಾದ ವಿಲಿಯಂ ಅಂಡ್ ಮೇರಿ ಕಾಲೇಜಿನಲ್ಲಿ ಫೈ ಬೀಟಾ ಕಪ್ಪಾ ಹುಟ್ಟಿತು. ಗ್ರೀಕ್ ಅಕ್ಷರದ ಹೆಸರು, ಗುಟ್ಟಿನ ಧ್ಯೇಯವಾಕ್ಯ, ಎದೆಗೆ ಪದಕ ಎಲ್ಲ ಅಲ್ಲಿಂದಲೇ ಬಂದದ್ದು. ಹೆಣ್ಣುಮಕ್ಕಳು 1851ರಲ್ಲಿ ಜಾರ್ಜಿಯಾದ ಮೇಕನ್ ಊರಿನಲ್ಲಿ ಅಡೆಲ್ಫಿಯನ್ ಸೊಸೈಟಿ ಕಟ್ಟಿದರು. ಇವತ್ತಿನ ಆಲ್ಫಾ ಡೆಲ್ಟಾ ಪೈ ಅದೇ. ಆಗ ಕಾಲೇಜಿಗೆ ಬರುವ ಹೆಣ್ಣುಮಕ್ಕಳೇ ಕಡಿಮೆ. ಬಂದವರನ್ನು ಎಲ್ಲರೂ ವಿಚಿತ್ರವಾಗಿ ನೋಡುತ್ತಿದ್ದರು. ಒಬ್ಬರಿಗೊಬ್ಬರು ಜೊತೆ ಬೇಕಿತ್ತು. "ಸೊರೊರಿಟಿ" ಅನ್ನುವ ಪದ ಆಮೇಲೆ ಬಂತು. 1874ರಲ್ಲಿ ಸಿರಕ್ಯೂಸ್‌ನಲ್ಲಿ ಶುರುವಾದ ಗಾಮಾ ಫೈ ಬೀಟಾದವರಿಗೆ ಅಲ್ಲಿನ ಲ್ಯಾಟಿನ್ ಮೇಷ್ಟ್ರು ಕೊಟ್ಟ ಪದ ಅದು. ಅದಕ್ಕೂ ಮುಂಚೆ ಹೆಣ್ಣುಮಕ್ಕಳದ್ದೂ ಫ್ರಟರ್ನಿಟಿಯೇ.

ಮಲ್ಲಿಗೆಹಂಬು, ನಿನಗೆ ಒಂದು ಸಣ್ಣ ತಿದ್ದುಪಡಿ. ಡೆಲ್ಟಾ ಗಾಮಾದ ಪೂರ್ತಿ ಹೆಸರಿನಲ್ಲಿ ಈಗಲೂ ಫ್ರಟರ್ನಿಟಿ ಅಂತಲೇ ಇದೆ.

ಮಲ್ಲಿಗೆಹಂಬು

ಹೌದು ಅಕ್ಕ, ಗೊತ್ತು. ಇಲ್ಲಿ ಎಲ್ಲರಿಗೂ ಅರ್ಥ ಆಗಲಿ ಅಂತ ಹಾಗೆ ಬರೆದೆ.

ಡೆಲ್ಟಾ ಗಾಮಾ ಶುರುವಾದ ಕಥೆಯೂ ನನಗೆ ತುಂಬ ಇಷ್ಟ. 1873ರ ಕ್ರಿಸ್‌ಮಸ್ ರಜೆ. ಮಿಸಿಸಿಪ್ಪಿಯ ಆಕ್ಸ್‌ಫರ್ಡ್ ಊರಿನ ಒಂದು ಹೆಣ್ಣುಮಕ್ಕಳ ಶಾಲೆ. ಎಲ್ಲರೂ ಊರಿಗೆ ಹೋಗಿಬಿಟ್ಟರು. ಹೋಗಲಾಗದ ಮೂರು ಜನ ಹುಡುಗಿಯರು ಉಳಿದರು. ಅವರೇ ಕೂತು ಕಟ್ಟಿದ್ದು ಇದು.

ಬಫಲೋಚಳಿ

ರಜೆಗೆ ಊರಿಗೆ ಹೋಗಲಾಗದ ಮೂವರು! ನಾನು ಎಂ.ಎಸ್. ಮಾಡಲು ಬಂದ ಮೊದಲ ಡಿಸೆಂಬರ್ ನೆನಪಾಯಿತು. ಇಡೀ ಅಪಾರ್ಟ್‌ಮೆಂಟ್ ಖಾಲಿ. ಟಿಕೆಟ್‌ಗೆ ದುಡ್ಡಿಲ್ಲದ ನಾವು ಮೂವರು ಹುಡುಗರು ಒಂದೇ ಕುಕ್ಕರಿನಲ್ಲಿ ಬಿಸಿಬೇಳೆ ಮಾಡಿಕೊಂಡು ನಾಲ್ಕು ದಿನ ಉಂಡೆವು. ಇವತ್ತಿಗೂ ಆ ಇಬ್ಬರು ನನಗೆ ಒಡಹುಟ್ಟಿದವರಿಗಿಂತ ಹೆಚ್ಚು.

ಮನಸ್ಸಿನಪಾಠ

ನಾನು ಸೈಕಾಲಜಿ ಓದುತ್ತಿದ್ದೇನೆ. ಬೇಜಾರು ಮಾಡಿಕೊಳ್ಳಬೇಡಿ, ಆದರೆ ಇದನ್ನು ಹೇಳಲೇಬೇಕು. ಯಾವ ಸೊರೊರಿಟಿಯ ಮೌಲ್ಯಗಳ ಪಟ್ಟಿ ಬೇಕಾದರೂ ತೆಗೆದು ನೋಡಿ. ಸ್ನೇಹ, ಓದು, ಸೇವೆ, ಒಳ್ಳೆಯ ನಡತೆ. ಇವು ಯಾರಿಗೆ ಒಪ್ಪುವುದಿಲ್ಲ? "ನನಗೆ ಸ್ನೇಹ ಬೇಡ, ಸೇವೆ ಬೇಡ" ಅನ್ನುವವರು ಯಾರಿದ್ದಾರೆ?

ಬರ್ಟ್ರಮ್ ಫೋರರ್ ಅನ್ನುವ ಮನೋವಿಜ್ಞಾನಿ ತನ್ನ 39 ವಿದ್ಯಾರ್ಥಿಗಳಿಗೆ ಒಂದು ಪರೀಕ್ಷೆ ಕೊಟ್ಟರು. ಆಮೇಲೆ "ಇದು ನಿನ್ನ ಸ್ವಭಾವ" ಅಂತ ಪ್ರತಿಯೊಬ್ಬರಿಗೂ ಒಂದೊಂದು ಬರಹ ಕೊಟ್ಟು, ಎಷ್ಟು ಸರಿಹೊಂದುತ್ತದೆ ಅಂತ ಐದಕ್ಕೆ ಅಂಕ ಹಾಕಲು ಹೇಳಿದರು. ಸರಾಸರಿ 4.26 ಬಂತು. ಅಷ್ಟೂ ಜನಕ್ಕೆ ಕೊಟ್ಟದ್ದು ಒಂದೇ ಬರಹ! ಜ್ಯೋತಿಷ್ಯದ ಪುಸ್ತಕದಿಂದ ಆರಿಸಿದ ಸಾಲುಗಳು. ಇದು ಪ್ರಕಟವಾದದ್ದು 1949ರಲ್ಲಿ. ಎಲ್ಲರಿಗೂ ಹೊಂದುವ ಮಾತನ್ನು ನಮಗೊಬ್ಬರಿಗೇ ಹೇಳಿದರು ಅಂತ ನಾವು ತಿಳಿಯುತ್ತೇವೆ. ರಷ್‌ನಲ್ಲೂ ಅಷ್ಟೇ ಅಂತ ನನ್ನ ಅನಿಸಿಕೆ.

ಮಲ್ಲಿಗೆಹಂಬು

ಇಲ್ಲ, ಇದನ್ನು ನಾನು ಒಪ್ಪುವುದಿಲ್ಲ. ಗೋಡೆ ಮೇಲೆ ಬರೆದ ಮೌಲ್ಯಗಳನ್ನು ನೋಡಿ ನನಗೇನೂ ಆಗಲಿಲ್ಲ. ನೀವು ಹೇಳಿದ ಹಾಗೆ ಎಲ್ಲ ಮನೆಯಲ್ಲೂ ಅವೇ ಇದ್ದವು. ನನಗೆ ನಾಟಿದ್ದು "ಮೊದಲು ಸ್ಕೋರ್ ಓದಬೇಕು" ಅನ್ನುವ ಮಾತು. ಅದು ಎಲ್ಲರಿಗೂ ಹೊಂದುವ ಮಾತಲ್ಲ. ಕಣ್ಣಿಲ್ಲದವರ ಪಕ್ಕ ದಿನಾ ಕೂತು ಓದಿದವರಿಗೆ ಮಾತ್ರ ಗೊತ್ತಾಗುವುದು. ಆ ಹುಡುಗಿಗೆ ಹಾಗೆ ಮಾತಾಡಲು ಯಾರೂ ಕಲಿಸಿರಲಿಲ್ಲ. ಅವಳು ನಿಜವಾಗಿಯೂ ಹೋಗುತ್ತಿದ್ದಳು.

ಮನಸ್ಸಿನಪಾಠ

ಸರಿ, ಆ ಭಾಗ ಒಪ್ಪಿದೆ. ಆದರೆ ಅವತ್ತು ಅವಳು ನಿಮ್ಮ ಪಕ್ಕ ಕೂರದೆ ಬೇರೆಯವರು ಕೂತು ಈಜಿನ ಸ್ಪರ್ಧೆಯ ಬಗ್ಗೆ ಮಾತಾಡಿದ್ದರೆ? ನೀವು ಬೇರೆ ಮನೆ ಸೇರುತ್ತಿದ್ದಿರಿ. ಅಲ್ಲೂ ಏನೋ ಒಂದು ನಾಟುತ್ತಿತ್ತು.

ಎರಡನೇಬಾಗಿಲು

ಈ "ಬೇರೆ ಮನೆ" ಮಾತಿಗೆ ನಾನೇ ಉತ್ತರ. ತುಂಬ ದಿನದಿಂದ ಯಾರಿಗೂ ಹೇಳಿರಲಿಲ್ಲ, ಇಲ್ಲಿ ಬರೆಯುತ್ತೇನೆ.

ನನಗೂ ಮಲ್ಲಿಗೆಹಂಬು ಥರವೇ ಒಂದು ಮನೆಯಲ್ಲಿ ಆಯಿತು. ಅಲ್ಲಿಯ ಹುಡುಗಿ ಒಬ್ಬಳ ಜೊತೆ ಮಾತಾಡುತ್ತಾ ಅರ್ಧ ಗಂಟೆ ಹೇಗೆ ಹೋಯಿತೋ ಗೊತ್ತಿಲ್ಲ. ನಾನು ಇದಕ್ಕೇ ಹುಟ್ಟಿದವಳು ಅಂತ ಅಮ್ಮನಿಗೆ ಫೋನ್ ಮಾಡಿ ಹೇಳಿದೆ. ಕೊನೆಯ ರಾತ್ರಿ ಎರಡು ಮನೆ ಉಳಿಯುತ್ತವೆ. ಯಾವುದು ಮೊದಲು, ಯಾವುದು ಎರಡನೆಯದು ಅಂತ ಬರೆದುಕೊಡಬೇಕು. ಅವರೂ ತಮಗೆ ಬೇಕಾದ ಹುಡುಗಿಯರ ಪಟ್ಟಿ ಕೊಟ್ಟಿರುತ್ತಾರೆ. ಎರಡನ್ನೂ ಕಂಪ್ಯೂಟರ್ ಹೊಂದಿಸುತ್ತದೆ. ಮರುದಿನ ಎಲ್ಲರನ್ನೂ ಸಾಲಾಗಿ ಕೂರಿಸಿ ಒಂದೊಂದು ಲಕೋಟೆ ಕೊಟ್ಟರು. ಒಟ್ಟಿಗೆ ತೆರೆಯಬೇಕು. ನನ್ನ ಲಕೋಟೆಯಲ್ಲಿ ಎರಡನೇ ಮನೆಯ ಹೆಸರಿತ್ತು.

ಸುತ್ತಲೂ ಕಿರುಚಾಟ, ಕುಣಿದಾಟ. ಎಲ್ಲರೂ ಅವರವರ ಮನೆ ಕಡೆ ಓಡುತ್ತಿದ್ದರು. ನಾನೂ ಓಡಿದೆ, ಅಳುತ್ತಾ. ಬಾಗಿಲಲ್ಲಿ ಯಾರೋ ತಬ್ಬಿಕೊಂಡು ನನ್ನ ಕೈಗೆ ಟೀ ಶರ್ಟ್ ಕೊಟ್ಟರು. ನನಗೆ ಏನೂ ಅನ್ನಿಸಲಿಲ್ಲ. ಮೂರು ತಿಂಗಳು ಏನೂ ಅನ್ನಿಸಲಿಲ್ಲ.

ಫೆಬ್ರವರಿಯಲ್ಲಿ ನನಗೆ ಜ್ವರ ಬಂತು. ನನ್ನ ಬಿಗ್, ಅಂದರೆ ನನಗೆ ಅಕ್ಕ ಅಂತ ಗೊತ್ತು ಮಾಡಿದ್ದ ಸೀನಿಯರ್, ಒಂದು ದಿನ ಅನ್ನ ಮೊಸರು ತಂದಳು. ಹಿಂದೆ ಯಾವಾಗಲೋ ಮಾತಿನ ಮಧ್ಯೆ ಜ್ವರ ಬಂದರೆ ನಮ್ಮಲ್ಲಿ ಇದನ್ನೇ ಉಣ್ಣುವುದು ಅಂದಿದ್ದೆನಂತೆ. ಅನ್ನ ಗಂಟು ಗಂಟಾಗಿತ್ತು, ಮೊಸರು ವೆನಿಲಾ ಸಿಹಿ ಮೊಸರು. ಪೂರ್ತಿ ತಿಂದೆ.

ನಾನು ಹುಟ್ಟಿದ್ದು ಆ ಮನೆಗಲ್ಲ. ಆದರೆ ಈಗ ಯಾರಾದರೂ ಮೊದಲನೇ ಮನೆಗೆ ಹೋಗುತ್ತೀಯಾ ಅಂದರೆ ಹೋಗುವುದಿಲ್ಲ. ಹಾಗಾಗಿ ಮೊದಲ ದಿನ ಅನ್ನಿಸುವುದಕ್ಕೆ ನಾನು ಅಷ್ಟು ಬೆಲೆ ಕೊಡುವುದಿಲ್ಲ. ಮಲ್ಲಿಗೆಹಂಬು, ನಿನ್ನದನ್ನು ಸುಳ್ಳು ಅನ್ನುತ್ತಿಲ್ಲ. ನನ್ನದೂ ನಿಜ ಅಂತ ಹೇಳಬೇಕಿತ್ತು, ಅಷ್ಟೇ.

ಕಾಫಿಪುಡಿ

ವೆನಿಲಾ ಮೊಸರನ್ನ ಪೂರ್ತಿ ತಿಂದೆಯಲ್ಲ ತಾಯಿ, ನಿನಗೊಂದು ನಮಸ್ಕಾರ.

ಫ್ರಿಸ್ಕೋಅಮ್ಮ

ಎರಡನೇಬಾಗಿಲು, ನೀನು ಬರೆದದ್ದನ್ನು ನನ್ನ ಮಗಳಿಗೆ ಓದಿ ಹೇಳಿದೆ. ಲಕೋಟೆಯಲ್ಲಿ ಬೇರೆ ಹೆಸರು ಬರಬಹುದು ಅಂತ ಅವಳು ಯೋಚನೆಯೇ ಮಾಡಿರಲಿಲ್ಲ. ಸುಮ್ಮನೆ ಕೂತಿದ್ದಳು ಸ್ವಲ್ಪ ಹೊತ್ತು.

ಹಳೇಹಾಸ್ಟೆಲಿಗ

ನನ್ನ ವಯಸ್ಸು ಅರವತ್ತೆರಡು. ಸೊರೊರಿಟಿ ನನಗೆ ಗೊತ್ತಿಲ್ಲ. ಆದರೆ "ಮೊದಲಿಂದಲೂ ಇಲ್ಲಿಯವನು" ಅನ್ನುವುದು ಚೆನ್ನಾಗಿ ಗೊತ್ತು. ಎಂಬತ್ತರ ದಶಕದಲ್ಲಿ ಬೆಂಗಳೂರಿನಲ್ಲಿ ನಮ್ಮ ಜನಾಂಗದ ಸಂಘದ ಹಾಸ್ಟೆಲಿನಲ್ಲಿದ್ದೆ. ಆ ಕಾಲದಲ್ಲಿ ಹಳ್ಳಿಯಿಂದ ಬಂದ ಬಡ ಹುಡುಗರಿಗೆ ಅಂಥ ಹಾಸ್ಟೆಲುಗಳಿಲ್ಲದಿದ್ದರೆ ಓದೇ ಇಲ್ಲ. ಅದಕ್ಕೆ ನಾನು ಋಣಿ.

ಟ್ರಂಕು ಇಳಿಸಿದ ದಿನವೇ ಇದು ನನ್ನ ಮನೆ ಅನ್ನಿಸಿತು. ಯಾಕೆ ಗೊತ್ತಾ? ಮುದ್ದೆ ನಮ್ಮ ಮನೆಯ ಹಾಗೆಯೇ ಇತ್ತು. ಮಾತು ನಮ್ಮ ಊರಿನದೇ. ಹಬ್ಬ ಒಂದೇ, ಬೈಗುಳ ಕೂಡ ಒಂದೇ. ನಾನು ಯಾರು ಅಂತ ಯಾರಿಗೂ ವಿವರಿಸಬೇಕಾಗಿರಲಿಲ್ಲ. ಆ ಸರಾಗವನ್ನು ನಾನು ಮೌಲ್ಯ ಅಂದುಕೊಂಡಿದ್ದೆ. ನಮ್ಮ ಹುಡುಗರು ಒಳ್ಳೆಯವರು, ಕಷ್ಟಜೀವಿಗಳು, ಮಾತಿಗೆ ತಪ್ಪದವರು ಅಂತ ನಂಬಿದ್ದೆ.

ಆಮೇಲೆ ಇಂಜಿನಿಯರಿಂಗ್ ಕಾಲೇಜಿನಲ್ಲಿ ಬೇರೆ ಜಾತಿಯ ಇಬ್ಬರ ಜೊತೆ ರೂಮು ಸಿಕ್ಕಿತು. ಅವರಲ್ಲೊಬ್ಬ ನನ್ನ ಪರೀಕ್ಷೆ ಫೀಸಿಗೆ ತನ್ನ ಸೈಕಲ್ ಮಾರಿದ. ಅವನಿಗೆ ನಮ್ಮ ಹಾಸ್ಟೆಲಿನೊಳಗೆ ಊಟಕ್ಕೂ ಪ್ರವೇಶ ಇರಲಿಲ್ಲ.

ಮಗೂ, ನಿನ್ನ ಸಂಘದಲ್ಲಿ ನಿನಗೆ ಸರಾಗ ಅನ್ನಿಸುವುದು ಒಂದು, ಅದರ ಮೌಲ್ಯ ನಿನ್ನದಾಗುವುದು ಇನ್ನೊಂದು. ಬಾಗಿಲ ಹೊರಗೆ ಯಾರು ನಿಂತಿದ್ದಾರೆ ಅಂತ ಒಮ್ಮೆ ನೋಡು.

ತುಮಕೂರುಬೆಲ್ಲ

ಸರ್, ಎಲ್ಲ ಹಾಸ್ಟೆಲೂ ಹಾಗಲ್ಲ. ನಾನು ಸಿದ್ಧಗಂಗಾ ಮಠದಲ್ಲಿ ಓದಿದವನು. ಅಲ್ಲಿ ಎಲ್ಲ ಜಾತಿಯ ಮಕ್ಕಳೂ ಒಂದೇ ಸಾಲಿನಲ್ಲಿ ಕೂತು ಉಣ್ಣುತ್ತೇವೆ.

ಹಳೇಹಾಸ್ಟೆಲಿಗ

ಗೊತ್ತಪ್ಪ. ಅದಕ್ಕೇ ಅದರ ಹೆಸರು ಹೇಳುವಾಗ ಜನ ಕೈ ಮುಗಿಯುತ್ತಾರೆ.

ಬಾಲ್ಟಿಮೋರ್‌ಬೀದಿ

ಅಂಕಲ್ ಹೇಳಿದ ಬಾಗಿಲ ಹೊರಗಿನವರ ಮಾತು ಇಲ್ಲಿಯ ಚರಿತ್ರೆಗೆ ನೇರ ಸೇರುತ್ತದೆ. ಸೊರೊರಿಟಿಗಳು ಬಹಳ ಕಾಲ ಬಿಳಿಯರಿಗೆ ಮಾತ್ರ. ಕರಿಯ ಹೆಣ್ಣುಮಕ್ಕಳು ಕಾಯುತ್ತಾ ಕೂರಲಿಲ್ಲ. 1908ರಲ್ಲಿ ವಾಷಿಂಗ್ಟನ್ನಿನ ಹೊವಾರ್ಡ್ ವಿಶ್ವವಿದ್ಯಾಲಯದಲ್ಲಿ ಆಲ್ಫಾ ಕಪ್ಪಾ ಆಲ್ಫಾ ಕಟ್ಟಿದರು. 1913ರ ಜನವರಿಯಲ್ಲಿ ಅಲ್ಲೇ 22 ಜನ ಸೇರಿ ಡೆಲ್ಟಾ ಸಿಗ್ಮಾ ಥೀಟಾ ಕಟ್ಟಿದರು. ಎರಡು ತಿಂಗಳೂ ಆಗಿರಲಿಲ್ಲ, ಮಾರ್ಚ್ 3ರಂದು ಹೆಣ್ಣುಮಕ್ಕಳಿಗೆ ಮತದ ಹಕ್ಕು ಬೇಕು ಅಂತ ನಡೆದ ದೊಡ್ಡ ಮೆರವಣಿಗೆಯಲ್ಲಿ ಹೆಜ್ಜೆ ಹಾಕಿದರು. ಇಂಥ ಒಂಬತ್ತು ಸಂಘಗಳಿವೆ, ಡಿವೈನ್ ನೈನ್ ಅಂತ ಕರೆಯುತ್ತಾರೆ. ಕಮಲಾ ಹ್ಯಾರಿಸ್ ಹೊವಾರ್ಡ್‌ನಲ್ಲಿ ಆಲ್ಫಾ ಕಪ್ಪಾ ಆಲ್ಫಾ ಸೇರಿದ್ದು 1986ರಲ್ಲಿ.

ನನ್ನ ಆಫೀಸಿನ ಹಿರಿಯರೊಬ್ಬರು ಡೆಲ್ಟಾ, ಅಂದರೆ ಡೆಲ್ಟಾ ಸಿಗ್ಮಾ ಥೀಟಾದ ಸದಸ್ಯೆ. ಐವತ್ತು ದಾಟಿದೆ. ಈಗಲೂ ಚುನಾವಣೆ ಬಂದರೆ ಸಂಜೆ ಮನೆ ಮನೆಗೆ ಹೋಗಿ ಮತದಾರರ ಪಟ್ಟಿಗೆ ಹೆಸರು ಸೇರಿಸುತ್ತಾರೆ. ಅವರ ಅಜ್ಜಿಯೂ ಡೆಲ್ಟಾ, ಅಮ್ಮನೂ ಡೆಲ್ಟಾ. "ನಾನು ನಡೆಯೋಕೆ ಕಲಿತದ್ದೇ ಡೆಲ್ಟಾಗಳ ಮಧ್ಯೆ" ಅನ್ನುತ್ತಾರೆ. ಹುಟ್ಟಿನಿಂದ ಅನ್ನುವ ಮಾತು ಅವರ ಬಾಯಲ್ಲಿ ನಿಜವೇ.

ಇನ್ನೊಂದು ಕಡೆ ನೋಡಿ. ಅಲಬಾಮಾ ವಿಶ್ವವಿದ್ಯಾಲಯದಲ್ಲಿ 2013ರಲ್ಲಿ ಒಳಗಿನ ಹುಡುಗಿಯರಿಗೆ ಬೇಕಿದ್ದರೂ ಹಳೆಯ ಸದಸ್ಯೆಯರು ಕರಿಯ ಹುಡುಗಿಯರನ್ನು ತಡೆದರು ಅಂತ ಅಲ್ಲಿನ ವಿದ್ಯಾರ್ಥಿ ಪತ್ರಿಕೆಯೇ ಬರೆಯಿತು. ದೇಶವೆಲ್ಲ ಸುದ್ದಿಯಾದ ಮೇಲೆ ಬಾಗಿಲು ತೆರೆದದ್ದು. "ಅವಳು ನಮ್ಮ ಮನೆಗೆ ಹೊಂದುವುದಿಲ್ಲ" ಅನ್ನುವ ಮಾತಿನ ಹಿಂದೆ ಇಷ್ಟೆಲ್ಲ ಇರುತ್ತದೆ. ಹೊಂದುವುದು ಅನ್ನುವ ಪದವನ್ನು ಸ್ವಲ್ಪ ಜಾಗ್ರತೆಯಿಂದ ಬಳಸೋಣ.

ಸಂಪಿಗೆಮರ

ಇದನ್ನು ಒಪ್ಪುತ್ತೇನೆ. ನಾನು ಸೇರಿದಾಗ ನಮ್ಮ ಮನೆಯಲ್ಲಿ ಬಿಳಿಯರಲ್ಲದವರು ನನ್ನನ್ನೂ ಸೇರಿಸಿ ಮೂವರು. ಈಗ ತುಂಬ ಜನ ಇದ್ದಾರೆ. ಒಳಗೆ ಹೋಗಿ ಹಟ ಹಿಡಿದವರಿಂದ ಆದದ್ದು.

ಕೋಲಾಟ

ದಕ್ಷಿಣ ಏಷ್ಯಾದವರ ಸೊರೊರಿಟಿಗಳನ್ನು ಎಲ್ಲರೂ ಮರೆತೇಬಿಟ್ಟಿರಲ್ಲ! 1998 ಒಂದೇ ವರ್ಷದಲ್ಲಿ ಮೂರು ಶುರುವಾದವು. ಆಸ್ಟಿನ್‌ನಲ್ಲಿ ಕಪ್ಪಾ ಫೈ ಗಾಮಾ, ಹ್ಯೂಸ್ಟನ್‌ನಲ್ಲಿ ಡೆಲ್ಟಾ ಫೈ ಒಮೆಗಾ, ನ್ಯೂಯಾರ್ಕಿನ ಸೇಂಟ್ ಜಾನ್ಸ್‌ನಲ್ಲಿ ಸಿಗ್ಮಾ ಸಿಗ್ಮಾ ರೋ. ನಾನು ಇಂಥ ಒಂದರಲ್ಲಿದ್ದೆ.

ಎಲ್ಲರೂ ನಮ್ಮವರೇ, ಇಲ್ಲಿ ನೀರಲ್ಲಿ ಮೀನು ಬಿಟ್ಟ ಹಾಗಿರುತ್ತೇನೆ ಅಂದುಕೊಂಡು ಹೋದೆ. ಮೊದಲ ತಿಂಗಳು ಪರದೇಶಿಯ ಹಾಗಿದ್ದೆ. ಹಾಡೆಲ್ಲ ಹಿಂದಿ. ತಮಾಷೆಯೆಲ್ಲ ಪಂಜಾಬಿ, ಗುಜರಾತಿ. ಕರ್ನಾಟಕ ಅಂದರೆ "ಬ್ಯಾಂಗಲೋರಾ?" ಅನ್ನುತ್ತಿದ್ದರು, ಅಲ್ಲಿಗೆ ಮುಗಿಯಿತು. ಬಿಳಿ ಹುಡುಗಿಯರ ಮಧ್ಯೆ ಇದ್ದಿದ್ದರೆ ಇಷ್ಟು ನೋವಾಗುತ್ತಿರಲಿಲ್ಲ. ಅಲ್ಲಿ ನಾನು ಹೊರಗಿನವಳು ಅಂತ ಗೊತ್ತಿರುತ್ತದೆ. ಇಲ್ಲಿ ಒಳಗಿನವಳಾಗಿಯೂ ಹೊರಗೆ.

ಆ ವರ್ಷದ ಕಾರ್ಯಕ್ರಮಕ್ಕೆ ಕೋಲಾಟ ಕಲಿಸುತ್ತೇನೆ ಅಂದೆ. ಕೋಲು ಸಿಗಲಿಲ್ಲ. ಅಂಗಡಿಯಲ್ಲಿ ಮರದ ಉದ್ದನೆಯ ಕೋಲು ತಂದು ಗರಗಸದಲ್ಲಿ ಹದಿನಾರು ತುಂಡು ಮಾಡಿದೆವು. ಗುಜರಾತಿ ಹುಡುಗಿ "ಇದು ನಮ್ಮ ದಾಂಡಿಯಾ" ಅಂದಳು. "ಅಲ್ಲ, ಇದು ನಮ್ಮದು" ಅಂದೆ. ಜಗಳ ಆಯಿತು, ಆಮೇಲೆ ಅವಳೇ ಅತಿ ಚೆನ್ನಾಗಿ ಆಡಿದಳು. ಆ ಹುಡುಗಿ ನನ್ನ ಮದುವೆಗೆ ಶಿವಮೊಗ್ಗಕ್ಕೆ ಬಂದಿದ್ದಳು.

ಬಫಲೋಚಳಿ

ಕೋಲಾಟ ಬೇರೆ, ದಾಂಡಿಯಾ ಬೇರೆ. ಸರಿಯಾಗಿ ಹೇಳಿದ್ದೀರಿ.

ಒಬ್ಬಅಪ್ಪ

ಸಂತೋಷದ ಮಾತಿನ ಮಧ್ಯೆ ಇದನ್ನು ಹೇಳುವುದು ಕಷ್ಟ. ಆದರೂ ಮಕ್ಕಳನ್ನು ಕಳಿಸುವವರು ಓದಬೇಕು.

ನನ್ನ ಮಗ ಒಂದು ಫ್ರಟರ್ನಿಟಿ ಸೇರಿದ. ಎಲ್ಲಿ, ಯಾವುದು ಅಂತ ಹೇಳುವುದಿಲ್ಲ. ರಾತ್ರಿ ಎರಡು ಗಂಟೆಗೆ ಫೋನ್ ಮಾಡಿ ಕರೆಯುತ್ತಿದ್ದರು. ಹೋಗಿ ಅವರ ಮನೆಯ ಬಚ್ಚಲು ತೊಳೆಯಬೇಕು. ಸೀನಿಯರ್‌ಗಳ ಹೆಸರು, ಊರು, ಹುಟ್ಟಿದ ದಿನ ಎಲ್ಲ ಬಾಯಿಪಾಠ ಒಪ್ಪಿಸಬೇಕು, ತಪ್ಪಿದರೆ ಕುಡಿಯಬೇಕು. ನಮ್ಮೂರಿನ ಭಾಷೆಯಲ್ಲಿ ರ‍್ಯಾಗಿಂಗ್. ನವೆಂಬರ್ ರಜೆಗೆ ಮನೆಗೆ ಬಂದಾಗ ಪ್ಯಾಂಟ್ ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ. ಬಿಟ್ಟುಬಿಡು ಅಂದೆ. ಅವನು ಹೇಳಿದ್ದು: "ಅಪ್ಪ, ನಿಮಗೆ ಅರ್ಥ ಆಗೋದಿಲ್ಲ. ನಾನು ಮೊದಲಿಂದಲೂ ಅಲ್ಲಿಯವನೇ."

ಮಲ್ಲಿಗೆಹಂಬು ಬರೆದ ಮಾತು, ಅದೇ ಮಾತು. ಓದಿದಾಗ ಎದೆ ಝಲ್ ಅಂದಿತು. ಮಗ ಫೆಬ್ರವರಿಯಲ್ಲಿ ತಾನಾಗಿಯೇ ಬಿಟ್ಟ. ಈಗ ಚೆನ್ನಾಗಿದ್ದಾನೆ.

2024ರ ಡಿಸೆಂಬರ್‌ನಲ್ಲಿ ಇದರ ವಿರುದ್ಧ ಕೇಂದ್ರ ಕಾನೂನು ಬಂದಿದೆ. ಯಾವ ಸಂಘದಲ್ಲಿ ಇಂಥದ್ದು ನಡೆದು ಸಾಬೀತಾಗಿದೆ ಅಂತ ಕಾಲೇಜುಗಳು ತಮ್ಮ ವೆಬ್‌ಸೈಟಿನಲ್ಲಿ ಪ್ರಕಟಿಸಬೇಕು. ಮಕ್ಕಳು ಸೇರುವ ಮುಂಚೆ ದಯವಿಟ್ಟು ಅದನ್ನು ತೆರೆದು ನೋಡಿ.

ಮನಸ್ಸಿನಪಾಠ

ಸರ್, ನಿಮ್ಮ ಮಗನಿಗೆ ಹಾಗೆ ಅನ್ನಿಸಿದ್ದು ಅವನ ತಪ್ಪಲ್ಲ. 1959ರಲ್ಲಿ ಆರಾನ್ಸನ್, ಮಿಲ್ಸ್ ಅನ್ನುವವರು 63 ಕಾಲೇಜು ಹುಡುಗಿಯರ ಮೇಲೆ ಪ್ರಯೋಗ ಮಾಡಿದರು. ಒಂದು ಚರ್ಚಾ ಗುಂಪು ಸೇರಲು ಕೆಲವರು ತುಂಬ ಮುಜುಗರದ ಪರೀಕ್ಷೆ ದಾಟಬೇಕಿತ್ತು. ಕೆಲವರಿಗೆ ಸುಲಭದ್ದು, ಕೆಲವರಿಗೆ ಏನೂ ಇಲ್ಲ. ಆಮೇಲೆ ಎಲ್ಲರಿಗೂ ಕೇಳಿಸಿದ್ದು ಒಂದೇ ಚರ್ಚೆ, ಅದೂ ತೀರಾ ಸಪ್ಪೆ. ಹೆಚ್ಚು ಮುಜುಗರ ಪಟ್ಟವರೇ ಅದನ್ನು ಹೆಚ್ಚು ಮೆಚ್ಚಿದರು. ಇಷ್ಟು ಕಷ್ಟಪಟ್ಟಿದ್ದೇನೆ ಅಂದಮೇಲೆ ಇದು ಒಳ್ಳೆಯದೇ ಇರಬೇಕು ಅಂತ ಮನಸ್ಸು ಒಪ್ಪಿಸಿಬಿಡುತ್ತದೆ.

ಮಲ್ಲಿಗೆಹಂಬು

ಒಬ್ಬಅಪ್ಪ ಅಂಕಲ್, ಓದಿ ತುಂಬ ಹೊತ್ತು ಏನೂ ಬರೆಯಲಾಗಲಿಲ್ಲ. ನಮ್ಮ ಮನೆಯಲ್ಲಿ ಯಾರೂ ನನ್ನನ್ನು ಹಾಗೆ ನಡೆಸಿಕೊಂಡಿಲ್ಲ. ಆದರೂ ನಿಮ್ಮ ಮಗನೂ ನಾನೂ ಒಂದೇ ಮಾತು ಹೇಳಿದ್ದೇವೆ. ಅಮ್ಮ ಯಾಕೆ ಹೆದರುತ್ತಾರೆ ಅಂತ ಈಗ ಗೊತ್ತಾಯಿತು. ನಮ್ಮ ಕಾಲೇಜಿನ ಆ ವರದಿಯನ್ನು ಇವತ್ತು ಅವರ ಜೊತೆಯಲ್ಲೇ ಕೂತು ನೋಡುತ್ತೇನೆ.

ಸೇವೆಯವನು

ಮನೆ, ರಷ್, ಲಕೋಟೆ ಯಾವುದೂ ಬೇಡ ಅನ್ನುವವರಿಗೆ ಆಲ್ಫಾ ಫೈ ಒಮೆಗಾ ಇದೆ. 1925ರಲ್ಲಿ ಪೆನ್ಸಿಲ್ವೇನಿಯಾದ ಲಫಾಯೆಟ್ ಕಾಲೇಜಿನಲ್ಲಿ ಶುರುವಾದ ಸೇವೆಯ ಫ್ರಟರ್ನಿಟಿ. ಹುಡುಗರು ಹುಡುಗಿಯರು ಎಲ್ಲರೂ ಸೇರಬಹುದು. ನಾನು ಧಾರವಾಡದಲ್ಲಿ ಎನ್.ಎಸ್.ಎಸ್.ನಲ್ಲಿದ್ದವನು. "ನನಗಲ್ಲ, ನಿನಗೆ" ಅಂತ ಗೋಡೆ ಮೇಲೆ ಬರೆದು ಚರಂಡಿ ತೋಡಿದವರು ನಾವು. ಇಲ್ಲಿಗೆ ಬಂದು ಇವರ ಜೊತೆ ಸಲಿಕೆ ಹಿಡಿದ ದಿನ ಯಾರೂ ನನಗೆ ಏನೂ ಹೇಳಿಕೊಡಬೇಕಾಗಲಿಲ್ಲ. ಹುಟ್ಟಿನಿಂದ ಅಲ್ಲ, ಧಾರವಾಡದಿಂದ ಬಂದದ್ದು.

ಫ್ರಿಸ್ಕೋಅಮ್ಮ

ಊಟದ ಕಥೆ ಏನು? ಆ ಮನೆಗಳಲ್ಲಿ ಸಸ್ಯಾಹಾರಿಗಳಿಗೆ ಏನು ಸಿಗುತ್ತದೆ?

ಸಂಪಿಗೆಮರ

ಅಡುಗೆಯವರಿಗೆ ಮೊದಲ ವಾರವೇ ಹೋಗಿ ಹೇಳಿದರೆ ಮಾಡಿಕೊಡುತ್ತಾರೆ. ನಾನು ಒಂದು ಡಬ್ಬಿ ಚಟ್ನಿಪುಡಿ ಕೊಟ್ಟಿದ್ದೆ. ಎರಡು ವಾರದಲ್ಲಿ ಡಬ್ಬಿ ಖಾಲಿ. ಪಾಸ್ತಾಗೆಲ್ಲ ಉದುರಿಸುತ್ತಿದ್ದರು.

ಮಂಡ್ಯಕಬ್ಬು

ಎಲ್ಲರ ಮಾತೂ ಓದಿದೆ. ನನಗೆ ಬೇಕಾದದ್ದು ಒಂದೇ. ಕನ್ನಂಬಾಡಿ ಕಟ್ಟೆ ತುಂಬಿದರೆ 124.80 ಅಡಿ. ನಿನ್ನ ಅಜ್ಜ ಮಂಡ್ಯದ ಕಡೆಯವರಾ? ಅದನ್ನು ಮೊದಲು ಕೇಳುವವರು ಗದ್ದೆ ಇದ್ದವರೇ.

ಮಲ್ಲಿಗೆಹಂಬು

ಹೌದು ಅಂಕಲ್! ಪಾಂಡವಪುರದ ಹತ್ತಿರ ಗದ್ದೆ ಇತ್ತಂತೆ. ನಾನು ಹುಟ್ಟುವ ಮುಂಚೆಯೇ ಮಾರಿದ್ದರು. ಆದರೂ ಮಟ್ಟ ಕೇಳುವುದು ಬಿಡಲಿಲ್ಲ. 124 ದಾಟಿದ ದಿನ ಅಜ್ಜಿಗೆ ಪಾಯಸ ಮಾಡು ಅನ್ನುತ್ತಿದ್ದರು.

ಈ ಮೇನಲ್ಲಿ ಆ ಸೀನಿಯರ್ ಡಿಗ್ರಿ ಮುಗಿಸಿ ಹೋದಳು. ಅವಳ ಶನಿವಾರ ಈಗ ನನ್ನದು. ಕಳೆದ ವಾರ ಆ ಅಜ್ಜಿಗೆ ಟೈಗರ್ಸ್ ಸ್ಕೋರ್ ಓದಲು ಕೂತೆ. ಪೇಪರಿನಲ್ಲಿ ಬರೀ ಅಂಕಿ, ಅಕ್ಷರ. ಯಾವುದು ಮೊದಲು, ಯಾವುದು ಆಮೇಲೆ ಏನೂ ತಿಳಿಯಲಿಲ್ಲ. ಅವರು ಸುಮ್ಮನೆ ಕಾಯುತ್ತಿದ್ದರು. ಬೇಸ್‌ಬಾಲ್ ಗೊತ್ತಿರುವವರು ಯಾರಾದರೂ ಇದ್ದೀರಾ? ನಾಡಿದ್ದು ಮತ್ತೆ ಹೋಗಬೇಕು.

ಬಫಲೋಚಳಿ

ನಾನಿದ್ದೇನೆ. ಇಪ್ಪತ್ತು ವರ್ಷದಿಂದ ನೋಡುತ್ತಿದ್ದೇನೆ. ಮೊದಲು ಒಂಬತ್ತು ಇನ್ನಿಂಗ್ಸ್‌ನ ಸಾಲು ಬಿಡು. ಕೊನೆಯಲ್ಲಿ ಮೂರು ಅಂಕಿ ಇರುತ್ತವೆ ನೋಡು. ಆರ್ ಅಂದರೆ ರನ್, ಎಚ್ ಅಂದರೆ ಹಿಟ್, ಇ ಅಂದರೆ ಎರರ್. ಎರಡೂ ತಂಡದ್ದು ಇದೇ ಕ್ರಮದಲ್ಲಿ ಓದು. ಆಮೇಲೆ ಹೋಮ್ ರನ್ ಯಾರು ಹೊಡೆದರು ಅಂತ ಹೇಳು. ಕೊನೆಗೆ ಗೆದ್ದ ಪಿಚರ್, ಅಂದರೆ ಚೆಂಡು ಎಸೆಯುವವನ ಹೆಸರು. ಅವರ ಪಕ್ಕ ಇ.ಆರ್.ಎ. ಅಂತ ಇದ್ದರೆ, ಒಂಬತ್ತು ಇನ್ನಿಂಗ್ಸ್‌ಗೆ ಸರಾಸರಿ ಎಷ್ಟು ರನ್ ಕೊಟ್ಟ ಅಂತ ಲೆಕ್ಕ. ಕಡಿಮೆ ಇದ್ದಷ್ಟೂ ಒಳ್ಳೆಯದು.

ಮಲ್ಲಿಗೆಹಂಬು

ರನ್, ಹಿಟ್, ಎರರ್. ಆಮೇಲೆ ಹೋಮ್ ರನ್. ಆಮೇಲೆ ಪಿಚರ್. ಬರೆದುಕೊಂಡೆ ಅಂಕಲ್. ಶನಿವಾರ ಬೆಳಗ್ಗೆ ಹತ್ತಕ್ಕೆ ಹೋಗುತ್ತೇನೆ.